ಎಡ ಭುಜದ ಹಿಂದೆ

ಫುಟ್ಬಾಲ್ ಆಡುವವರ ಕಾಲು ಬಹಳ ಗಟ್ಟಿ ಎಂದು ನಂಬಿದವರು ಯಾರೂ ಅಂಥ ಒಂದು ಕಾಲನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ನಾನು ನೋಡಿದ್ದೇನೆ. ಫಿಸಿಯೋಥೆರಪಿ ನನ್ನ ಕಸುಬು. ಒಂದು ಇಡೀ ಬೇಸಿಗೆ ನಾರ್ವೆ ದೇಶದ ಒಬ್ಬ ಮಿಡ್‌ಫೀಲ್ಡರನ ತೊಡೆ, ಸೊಂಟ, ಕೊನೆಗೆ ಕುತ್ತಿಗೆ ನನ್ನ ಕೈಯಲ್ಲಿದ್ದವು. ಇದನ್ನೆಲ್ಲ ಬರೆಯಲೇ ಎಂದು ಅವನನ್ನೇ ಕೇಳಿದೆ. ಬರಿ, ಹೆಸರು ಮಾತ್ರ ಬೇಡ ಎಂದ. ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಅವನು ಅಂಥ ದೊಡ್ಡ ಆಟಗಾರನೇನಲ್ಲ.

ಅದು ಬ್ಯಾಂಕುಗಳು ದಡದಡನೆ ಬಿದ್ದ ಮರುವರ್ಷ. ನನ್ನ ಗಂಡ ಮ್ಯಾನ್‌ಹಟ್ಟನ್ನಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರು. ಇವರು, ನನ್ನ ಗಂಡನನ್ನು ನಾನು ಇವರು ಎಂದೇ ಅನ್ನುವುದು, ದಿನಾ ನ್ಯೂಜೆರ್ಸಿಯ ಎಡಿಸನ್ನಿನಿಂದ ರೈಲು ಹಿಡಿದು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದವರು, ಜನವರಿಯ ಒಂದು ದಿನ ಊಟದ ಹೊತ್ತಿಗೇ ಒಂದು ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದರು. ಇವರ ವೀಸಾ ನನ್ನ ವೀಸಾದ ಬಾಲ ಹಿಡಿಯಿತು. ನಾವಿಬ್ಬರೂ ಈ ದೇಶದಲ್ಲಿ ನಿಲ್ಲುವುದು ನನ್ನ ಕೆಲಸದ ಮೇಲೆ ಎಂದಾಯಿತು. ನನ್ನ ಕ್ಲಿನಿಕ್ ಇದ್ದದ್ದು ಬಾಸ್ಕಿಂಗ್ ರಿಡ್ಜ್ ಹತ್ತಿರ, ಒಂದು ಡ್ರೈಕ್ಲೀನರ್ ಅಂಗಡಿಗೂ ಬೇಗಲ್ ಅಂಗಡಿಗೂ ನಡುವೆ. ಅಲ್ಲಿಗೆ ಬಸ್ಸಿಲ್ಲ, ರೈಲಿನಿಂದ ಇಳಿದು ನಡೆಯುವ ಹಾಗೂ ಇಲ್ಲ. ಮನೆ ನಡೆಸುವ ಹೆಂಗಸಿಗೆ ಕಾರು ನಡೆಸಲು ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ಪೂರ್ತಿ ಸರಿಯಲ್ಲ. ಕಾರು ಓಡಿಸಲು ಬರುತ್ತಿತ್ತು, ಲೈಸೆನ್ಸ್ ಬರುತ್ತಿರಲಿಲ್ಲ. ಮೊದಲ ಸಲ ರೋಡ್ ಟೆಸ್ಟಿಗೆ ಹೋದಾಗ ನಮ್ಮ ಕಾರಿನ ಪಾರ್ಕಿಂಗ್ ಬ್ರೇಕ್ ಕಾಲಲ್ಲಿ ಒತ್ತುವಂಥದ್ದು, ಪಕ್ಕದಲ್ಲಿ ಕೂರುವ ಪರೀಕ್ಷಕನ ಕೈಗೆ ಸಿಗುವುದಿಲ್ಲ ಎಂದು ಕಾರು ಹತ್ತದೆಯೇ ವಾಪಸ್ ಕಳಿಸಿದರು. ಎರಡನೇ ಸಲ ಯಾರದೋ ಕಾರು ತಂದೆವು. ಪರೀಕ್ಷಕ ಹತ್ತಿದ, ಒಂದು ಸುತ್ತು ಹೊಡೆಸಿದ, ಇಳಿಯುವಾಗ, ನೀವು ಒಂದು ಸಲವೂ ಭುಜದ ಮೇಲಿಂದ ಹಿಂದೆ ನೋಡಲಿಲ್ಲ ಎಂದ. ಕನ್ನಡಿ ನೋಡಿದೆನಲ್ಲ ಎಂದೆ. ಕನ್ನಡಿಗೆ ಕಾಣದ ಜಾಗ ಒಂದಿದೆ, ಅದನ್ನು ಕುತ್ತಿಗೆ ತಿರುಗಿಸಿಯೇ ನೋಡಬೇಕು ಎಂದ. ನನಗೆ ರೇಗಿ ಹೋಯಿತು. ಮೈಸೂರಿನಲ್ಲಿ ನಾನು ಆರು ವರ್ಷ ಸ್ಕೂಟಿ ಓಡಿಸಿದವಳು. ಹಿಂದೆ ಯಾರಾದರೂ ಇದ್ದರೆ ಹಾರ್ನ್ ಹೊಡೆಯುತ್ತಾರೆ. ಹಾರ್ನ್ ಕೇಳಿಸದಿದ್ದರೆ ಹಿಂದೆ ಯಾರೂ ಇಲ್ಲ. ನಮ್ಮಲ್ಲಿ ಲಾರಿಗಳ ಬೆನ್ನ ಮೇಲೆ ದಯವಿಟ್ಟು ಹಾರ್ನ್ ಮಾಡಿ ಎಂದು ಬರೆದೇ ಇರುತ್ತದೆ. ಹಿಂದಿನವನ ಜವಾಬ್ದಾರಿಯನ್ನು ನನ್ನ ಕುತ್ತಿಗೆಗೆ ಏಕೆ ಕಟ್ಟುತ್ತಾರೆ ಎಂಬುದೇ ನನಗೆ ತಿಳಿಯಲಿಲ್ಲ.

ಹೀಗಾಗಿ ಇವರು ದಿನಾ ನನ್ನನ್ನು ಕ್ಲಿನಿಕ್ಕಿಗೆ ಬಿಟ್ಟು, ಸಂಜೆ ಕರೆದುಕೊಂಡು ಹೋಗಲು ಬರುವುದಾಯಿತು. ಕೆಲಸವಿಲ್ಲದ ಮನುಷ್ಯ ಹೊತ್ತಿಗಿಂತ ಮುಂಚೆಯೇ ಬರುತ್ತಾನೆ. ಬಂದು ಹೊರಗಿನ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು, ಜಗಳಕ್ಕೆ ಮಾತ್ರ ಕನ್ನಡ. ನಾನು ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳಾದ್ದರಿಂದ ಕನ್ನಡದ ಜಗಳದಲ್ಲಿ ನನ್ನ ಕೈ ಮೇಲು. ಆ ವರ್ಷ ನಾವು ಬಹಳ ಕನ್ನಡ ಆಡಿದೆವು.

ಅವನು ಬಂದದ್ದು ಏಪ್ರಿಲ್ಲಿನಲ್ಲಿ. ಎಡ ತೊಡೆಯ ಒಳಭಾಗದ ನೋವು. ಮೂವತ್ತು ದಾಟಿದ್ದ, ಮುಂದಲೆಯ ಕೂದಲು ಹಿಂದೆ ಸರಿದಿತ್ತು, ಎತ್ತರವೂ ಅಷ್ಟಕ್ಕಷ್ಟೆ. ಇಲ್ಲಿನ ಕೆಳ ದರ್ಜೆಯ ಒಂದು ಲೀಗಿನ ತಂಡಕ್ಕೆ ಆಡುತ್ತೇನೆ ಎಂದ. ತಂಡದ ಮಾಲೀಕ ಮ್ಯಾನ್‌ಹಟ್ಟನ್ನಿನಲ್ಲಿ ಹಣದ ವ್ಯವಹಾರ ಮಾಡುವವನು, ಆಟ ನಡೆಯುವುದು ಬಾಡಿಗೆಗೆ ಪಡೆದ ಕಾಲೇಜು ಮೈದಾನದಲ್ಲಿ. ಏಟು ನೋವು ನೋಡಲು ತಂಡಕ್ಕೇ ಒಬ್ಬ ಟ್ರೇನರ್ ಇದ್ದಾನಲ್ಲ, ನನ್ನ ಹತ್ತಿರ ಏಕೆ ಬಂದೆ ಎಂದು ಕೇಳಿದೆ. ಬೆಳಿಗ್ಗೆ ಅವನಿಗೆ ಹೇಳಿದ್ದು ಸಂಜೆಗೆ ಕೋಚಿನ ಕಿವಿಗೆ ಬೀಳುತ್ತದೆ ಎಂದ. ಮೇಜಿನ ಮೇಲೆ ಮಲಗಿಸಿದರೆ ಒಂದು ಕ್ಷಣ ಸುಮ್ಮನಿರುವವನಲ್ಲ. ಬೆರಳು ಕುಟ್ಟುತ್ತಿದ್ದ, ಗಡಿಯಾರ ನೋಡುತ್ತಿದ್ದ, ಎದ್ದು ಕೂರಲೇ ಎಂದು ಕೇಳುತ್ತಿದ್ದ. ಕೂತಲ್ಲಿ ಕೂರಲು ನನಗೂ ಬರುವುದಿಲ್ಲ. ಹೊರಗೆ ಇವರು, ಒಳಗೆ ನಾವಿಬ್ಬರು. ಆ ಕ್ಲಿನಿಕ್ಕಿನಲ್ಲಿ ಸಮಾಧಾನವಾಗಿದ್ದದ್ದು ಕಿಟಕಿ ಹತ್ತಿರದ ಗಿಡ ಒಂದೇ.

ಅವನ ಆಟದ ಬದುಕನ್ನು ನಾನು ಕಂತು ಕಂತಾಗಿ ಕೇಳಿದೆ. ನಾರ್ವೆಯ ಉತ್ತರದ ತುದಿಯ ಹತ್ತಿರ, ಸಮುದ್ರದ ಪಕ್ಕದ ಒಂದು ಸಣ್ಣ ಊರು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಏಳುವುದೇ ಇಲ್ಲವಂತೆ. ಮೀನು ಒಣಹಾಕುವ ಮರದ ಚಪ್ಪರಗಳ ಹಿಂದೆ ಜಲ್ಲಿ ಹಾಸಿದ ಮೈದಾನ, ಬಿದ್ದರೆ ಮಂಡಿಯ ಚರ್ಮ ಅಲ್ಲೇ. ಅಲ್ಲಿಂದ ದಕ್ಷಿಣದ ಒಂದು ದೊಡ್ಡ ಕ್ಲಬ್ಬಿಗೆ ಹೋದ. ಅಲ್ಲಿಂದ ಸ್ವೀಡನ್, ಡೆನ್ಮಾರ್ಕ್, ಮತ್ತೆ ನಾರ್ವೆಯ ಬೇರೊಂದು ಊರು, ಒಂದು ಚಳಿಗಾಲ ಸೈಪ್ರಸ್, ಈಗ ನ್ಯೂಜೆರ್ಸಿ. ಊರು ಬಿಟ್ಟ ಮೇಲೆ ಎಲ್ಲಿಯೂ ಒಂದು ಸೀಸನ್ನಿಗಿಂತ ಹೆಚ್ಚು ನಿಂತಿಲ್ಲ. ನಿಲ್ಲುವ ಮನಸ್ಸಿರಲಿಲ್ಲವೆಂದಲ್ಲ, ಯಾರೂ ನಿಲ್ಲು ಎನ್ನಲಿಲ್ಲ.

"ಎರಡನೇ ವರ್ಷ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ," ಎಂದ ಒಂದು ದಿನ, ಹೊಟ್ಟೆಯ ಮೇಲೆ ಮಲಗಿ, ಮುಖ ಮೇಜಿನ ತೂತಿನೊಳಗಿಟ್ಟುಕೊಂಡು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. "ಎರಡನೇ ವರ್ಷ ಗೇಟಿನವನು ಕಾರ್ಡ್ ತೋರ್ಸು ಅನ್ನಲ್ವಂತೆ. ಅದೊಂದು ನೋಡ್ಬೇಕು."

ನಗುತ್ತಲೇ ಹೇಳಿದ. ಆದರೆ ಅವನ ಬೆನ್ನಿನ ಸ್ನಾಯುಗಳು ನನ್ನ ಅಂಗೈ ಕೆಳಗೆ ಬಿಗಿದುಕೊಂಡವು, ಸ್ನಾಯುಗಳಿಗೆ ನಗಲು ಬರುವುದಿಲ್ಲ. ಬಾಡಿಗೆ ಮನೆಯಲ್ಲಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡಿದ್ದ. ಊಟದ ಮೇಜು ಕೊಂಡಿರಲಿಲ್ಲ. ಯಾವ ಊರಿನಲ್ಲೂ ಕೊಂಡಿಲ್ಲ, ಅಡುಗೆಕಟ್ಟೆಯ ಮುಂದೆ ನಿಂತೇ ತಿನ್ನುತ್ತೇನೆ ಎಂದ. ನಮ್ಮ ಮನೆಯಲ್ಲಿ ಮೇಜೇನೋ ಇತ್ತು. ಆದರೆ ಜನವರಿಯಿಂದ ನಾನೂ ಹೊಸದೊಂದು ಪಾತ್ರೆ ಕೊಂಡಿರಲಿಲ್ಲ, ಸೂಟ್‌ಕೇಸುಗಳನ್ನು ಅಟ್ಟಕ್ಕೆ ಹಾಕಿರಲಿಲ್ಲ. ಅವನ ಮಾತು ನನಗೆ ಅರ್ಥವಾಯಿತು.

ಮೇ ತಿಂಗಳಲ್ಲಿ ನಮಗೆ ಎರಡು ಟಿಕೆಟ್ ತಂದುಕೊಟ್ಟ. ಇವರ ಖುಷಿ ಹೇಳತೀರದು. ಇವರು ಬೆಂಗಳೂರಿನ ಶಿವಾಜಿನಗರದ ಕಡೆಯವರು, ಗಲ್ಲಿಯಲ್ಲಿ ಫುಟ್ಬಾಲ್ ಆಡಿ ಬೆಳೆದವರು. ಮೈದಾನದ ಒಂದು ಪಕ್ಕದಲ್ಲಿ ಮಾತ್ರ ಜನ ಕೂರುವ ಮೆಟ್ಟಿಲುಗಳು, ಎದುರು ಪಕ್ಕದಲ್ಲಿ ಕೋಚುಗಳ ಮತ್ತು ಬದಲಿ ಆಟಗಾರರ ಬೆಂಚುಗಳು. ನನಗೆ ಆಟ ತಿಳಿಯದು. ಇವರು ಹೇಳಿಕೊಟ್ಟರು: ಅಂಚಿನಲ್ಲಿ ಆಡುವವನಿಗೆ ಒಂದು ಪಕ್ಕ ಗೆರೆ ಇರುತ್ತದೆ, ಅಲ್ಲಿಂದ ಯಾರೂ ಬರುವುದಿಲ್ಲ. ನಡುವೆ ಆಡುವ ಮಿಡ್‌ಫೀಲ್ಡರ್ ಆದವನಿಗೆ ಸುತ್ತಲೂ ಜನ. ಚೆಂಡು ಕಾಲಿಗೆ ಬರುವ ಮುಂಚೆಯೇ ಹಿಂದೆ ಯಾರಿದ್ದಾರೆಂದು ಅವನಿಗೆ ಗೊತ್ತಿರಬೇಕು, ಅದಕ್ಕೆ ರಸ್ತೆ ದಾಟುವವನ ಹಾಗೆ ಸದಾ ತಲೆ ಆ ಕಡೆ ಈ ಕಡೆ ತಿರುಗಿಸುತ್ತಿರುತ್ತಾನೆ.

ಚೆಂಡು ಎಲ್ಲಿ ಹೋಯಿತೆಂದು ನಾನು ನೋಡಲೇ ಇಲ್ಲ. ಅವನನ್ನೊಬ್ಬನನ್ನೇ ನೋಡಿದೆ. ಬಲಕ್ಕೆ ಅವನ ತಲೆ ಸಲೀಸಾಗಿ ತಿರುಗುತ್ತಿತ್ತು. ಎಡಕ್ಕೆ ತಲೆ ತಿರುಗುತ್ತಿರಲಿಲ್ಲ, ಇಡೀ ಸೊಂಟ ತಿರುಗುತ್ತಿತ್ತು. ಪ್ರತಿ ಸಲ ಎಡ ತೊಡೆಯನ್ನು ಹೊರಕ್ಕೆ ತೆರೆದು, ಮೈಯನ್ನು ಬಾಗಿಲಿನ ಹಾಗೆ ಅರ್ಧ ತೆಗೆದು ನಿಲ್ಲುತ್ತಿದ್ದ. ತೊಡೆ ನೋಯದೆ ಇನ್ನೇನು. ಸೊಂಟ ತಿರುಗಿಸಲೂ ಹೊತ್ತಿಲ್ಲದಾಗ ಹಿಂದಿನಿಂದ ಒಂದು ಕೂಗು ಬರುತ್ತಿತ್ತು. ಅವನ ಹಿಂದೆ ಎಡಗಡೆ ಆಡುತ್ತಿದ್ದವನು ಟ್ರಿನಿಡಾಡಿನ ಒಬ್ಬ ಎತ್ತರದ ಡಿಫೆಂಡರ್. ಯಾರಾದರೂ ಹತ್ತಿರ ಬಂದರೆ ಮೈದಾನವೆಲ್ಲ ಕೇಳುವ ಹಾಗೆ ಎಚ್ಚರಿಸುತ್ತಿದ್ದ. ಇವನು ಆ ಕೂಗನ್ನು ನಂಬಿ, ನೋಡದೆಯೇ, ಚೆಂಡನ್ನು ಜೊತೆಯವನಿಗೆ ದಾಟಿಸುತ್ತಿದ್ದ.

ಮುಂದಿನ ಸಲ ಬಂದಾಗ ನಾನು ಅವನ ತೊಡೆ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಎರಡು ಭುಜಗಳನ್ನೂ ಹಿಂದಿನಿಂದ ಹಿಡಿದು, ಎಡ ಭುಜದ ಮೇಲಿಂದ ನನ್ನನ್ನು ನೋಡು ಎಂದೆ. ಗಲ್ಲ ಕೊರಳ ಮೂಳೆಯನ್ನು ದಾಟಿ ಒಂದಿಷ್ಟು ಬಂದು ನಿಂತಿತು. ನಕ್ಕ. ಆಮೇಲೆ ನಗು ನಿಲ್ಲಿಸಿದ. ದಕ್ಷಿಣದ ಆ ದೊಡ್ಡ ಕ್ಲಬ್ಬಿನಲ್ಲಿ ಆಡುವಾಗ ಚೆಂಡನ್ನು ತಲೆಯಿಂದ ಹೊಡೆಯಲು ಹಾರಿ ಇನ್ನೊಬ್ಬನ ತಲೆಗೆ ಡಿಕ್ಕಿ ಹೊಡೆದನಂತೆ. ಎರಡು ವಾರ ಮಲಗಿ ಎದ್ದ. ನೋವು ಹೋಯಿತು, ತಿರುಗುವುದು ವಾಪಸ್ ಬರಲಿಲ್ಲ. ಹೇಳಿದರೆ ಆಡಿಸುವುದಿಲ್ಲ, ಆದ್ದರಿಂದ ಯಾರಿಗೂ ಹೇಳಲಿಲ್ಲ.

"ಪ್ರತಿ ಕ್ಲಬ್ಬಿಗೆ ಹೋದಾಗಲೂ ನಾನು ಮೊದಲು ಹುಡುಕೋದು ಒಂದು ಗಂಟಲನ್ನ," ಎಂದ. "ನನ್ನ ಎಡಗಡೆ ನಿಂತು ಕೂಗೋ ಒಬ್ಬನ್ನ. ಅವನು ಇದ್ದಷ್ಟು ದಿನ ನಾನು ಒಳ್ಳೇ ಆಟಗಾರ."

ಆ ಗಂಟಲಿನವನಿಗೆ ಏಟು ಬೀಳುತ್ತಿತ್ತು, ಅಥವಾ ಅವನು ಬೇರೆ ಕ್ಲಬ್ಬಿಗೆ ಹೋಗುತ್ತಿದ್ದ. ಆಗ ಇವನು ಚೆಂಡು ಕಳೆದುಕೊಳ್ಳುತ್ತಿದ್ದ. ಸೀಸನ್ ಮುಗಿದ ಮೇಲೆ ಕೋಚು, ನೀನು ಸ್ವಲ್ಪ ನಿಧಾನ ಎಂದು ಹೇಳಿ ಕೈ ಕುಲುಕಿ ಕಳಿಸುತ್ತಿದ್ದ. ಊರಿಂದ ಊರಿಗೆ ಅವನನ್ನು ಓಡಿಸಿದ್ದು ಈ ಕುತ್ತಿಗೆ. ನನಗೆ ಅವನ ಮೇಲೆ ಎಂಥ ಕೋಪ ಬಂತೆಂದರೆ, ಕೈಯಲ್ಲಿದ್ದ ಟವೆಲನ್ನು ಮೇಜಿಗೆ ಬಡಿದೆ. ಇಷ್ಟು ವರ್ಷ, ಇಷ್ಟು ದೇಶ, ಒಂದು ಸಲ ಬಾಯಿ ಬಿಟ್ಟಿದ್ದರೆ ಯಾರಾದರೂ ಸರಿ ಮಾಡುತ್ತಿದ್ದರು. ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬಾ, ಆಮೇಲೆ ಮಾತು ಎಂದೆ. ನರಕ್ಕೇನೂ ಅಪಾಯವಿಲ್ಲ, ಕೀಲುಗಳು ಜಡ್ಡುಗಟ್ಟಿವೆ ಎಂದು ಸ್ಕ್ಯಾನ್ ನೋಡಿದ ಡಾಕ್ಟರ್ ತಿಳಿಸಿದರು. ಸೀಸನ್ ಮುಗಿಯುವುದರೊಳಗೆ ತಿರುಗುತ್ತದಾ ಎಂದು ಕೇಳಿದ. ತಿರುಗಿದರೆ ಈ ಸಲ ನಿಲ್ಲು ಅನ್ನುತ್ತಾರೆ ಎಂಬುದೊಂದೇ ಅವನ ತಲೆಯಲ್ಲಿ. ನಾನು ಮಾತು ಕೊಡಲಿಲ್ಲ. ನಾಳೆಯಿಂದ ವಾರಕ್ಕೆ ಮೂರು ಸಲ ಬಾ ಎಂದೆ.

ಅಪರಿಚಿತ ಗಂಡಸಿನ ಕುತ್ತಿಗೆಯನ್ನು ಗಂಟೆಗಟ್ಟಲೆ ಹಿಡಿದುಕೊಂಡಿರುವುದು ಎಂಥ ಕೆಲಸವಮ್ಮ ಎಂದು ಎಡಿಸನ್ನಿನ ಒಬ್ಬ ಆಂಟಿ ನನ್ನನ್ನು ಕೇಳಿದರು. ಅವರ ಮಂಡಿಯನ್ನು ಬಿಟ್ಟಿ ನೋಡುತ್ತಿದ್ದವಳೂ ನಾನೇ. ಅಂದಿನಿಂದ ಅವರ ಮಂಡಿಗೆ ಬಿಡುವು ಕೊಟ್ಟೆ.

ಜುಲೈ ಹೊತ್ತಿಗೆ ಅವನ ಗಲ್ಲ ಇನ್ನೊಂದಿಷ್ಟು ಹಿಂದಕ್ಕೆ ಬರತೊಡಗಿತ್ತು. ಆಗ ತಂಡದ ಮಾಲೀಕ ಖರ್ಚು ಕಡಿಮೆ ಮಾಡಲು ಹೊರಟ. ಒಂದು ಬೆಳಿಗ್ಗೆ ಮೂವರಿಗೆ ಫೋನು ಬಂತು, ನಾಳೆಯಿಂದ ಬರಬೇಡಿ ಎಂದು. ಮೂವರಲ್ಲಿ ಒಬ್ಬ ಟ್ರಿನಿಡಾಡಿನವನು. ಮರುದಿನದ ಆಟಕ್ಕೆ ಅವನ ಜಾಗದಲ್ಲಿ ಬಂದವನು ಬಾಯಿ ಬಿಡದ ಸ್ವಭಾವದವನು. ಎಡಗಡೆಯಿಂದ ಯಾರೋ ಬಂದು ಇವನ ಕಾಲಿನಿಂದ ಚೆಂಡು ಎತ್ತಿಕೊಂಡು ಹೋಗಿ ಗೋಲು ಹೊಡೆದ. ಆಮೇಲಿನ ಆಟಗಳಲ್ಲಿ ಇವನು ಬೆಂಚಿನ ಮೇಲಿದ್ದ. ಕೋಚು, ಸ್ವಲ್ಪ ನಿಧಾನವಾಗಿದ್ದೀಯ ಎಂದನಂತೆ. ಅದನ್ನು ಹೇಳುವಾಗ ಅವನು ಮೇಜಿನ ಮೇಲೆ ಅಲ್ಲಾಡದೆ ಮಲಗಿದ್ದ. ಅವನು ಅಲ್ಲಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

ಇವರು ಹೊರಗಿನ ಕುರ್ಚಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಆರು ತಿಂಗಳಿಂದ ನೂರಾರು ಕಡೆ ಅರ್ಜಿ ಹಾಕಿ ಒಂದು ಕಡೆಯಿಂದಲೂ ಉತ್ತರ ಬಾರದೆ ಕೂತಿದ್ದ ಮನುಷ್ಯನಿಗೆ ಒಂದು ಕೆಲಸ ಸಿಕ್ಕಿತು. ಕಾರಿನಿಂದ ಒಂದು ಚೆಂಡು ತಂದರು, ಅದು ಯಾವಾಗ ಕಾರಿಗೆ ಬಂತೋ ನನಗೆ ಗೊತ್ತಿಲ್ಲ. ಕ್ಲಿನಿಕ್ಕಿನ ಹಿಂದಿನ ಖಾಲಿ ಪಾರ್ಕಿಂಗಿನಲ್ಲಿ ಇಬ್ಬರೂ ಶುರುವಿಟ್ಟುಕೊಂಡರು. ಇವರು ಅವನ ಎಡಗಡೆ ದೂರದಲ್ಲಿ ನಿಂತು, ಯಾರೋ ಬಂದರೆಂದು ಅಂದುಕೊಂಡು, "ಹಿಂದೆ" ಎಂದು ಕೂಗುವುದು. ಅವನು ತಟ್ಟನೆ ಚೆಂಡನ್ನು ಬಲಕ್ಕೆ ಹೊರಳಿಸುವುದು. ಇವರ ಗಲ್ಲಿಯಲ್ಲಿ ತಮಿಳು, ಉರ್ದು, ಕನ್ನಡ ಮೂರರಲ್ಲೂ ಕೂಗುತ್ತಿದ್ದರಂತೆ. ಕನ್ನಡದ್ದನ್ನೇ ಇಟ್ಟುಕೊಂಡರು. ಎದುರಾಳಿಗಳಿಗೆ ತಿಳಿಯುವುದಿಲ್ಲ, ಅವನ ಕಿವಿಗೂ ಸುಲಭ.

ನಾನು ಹೊರಗೆ ಬಂದು ನೋಡಿ ಕನ್ನಡಕ್ಕೆ ಇಳಿದೆ.

"ನಾನಿಲ್ಲಿ ಕುತ್ತಿಗೆ ತಿರುಗಿಸೋದನ್ನ ಕಲಿಸ್ತಿದೀನಿ. ನೀವು ತಿರುಗಿಸ್ದೇ ಇರೋದನ್ನ ಕಲಿಸ್ತಿದೀರ."

"ತಿರುಗೋವರ್ಗೂ ಅವನೇನ್ ಮಾಡ್ಬೇಕು?" ಎಂದರು ಇವರು. "ಸೀಸನ್ ಕಾಯತ್ತಾ?"

ಮೊದಲ ಸಲ ಕನ್ನಡದ ಜಗಳದಲ್ಲಿ ಇವರ ಕೈ ಮೇಲಾಯಿತು.

ಅವನು ನಮ್ಮ ಉಪಕಾರಕ್ಕೆ ಪ್ರತಿಯಾಗಿ ನನಗೆ ಡ್ರೈವಿಂಗ್ ಕಲಿಸಲು ನಿಂತ. ಅವನ ಹಳೇ ಹೋಂಡಾದಲ್ಲಿ ಕೈಬ್ರೇಕು ಎರಡು ಸೀಟುಗಳ ನಡುವೆ ಇತ್ತು, ಪರೀಕ್ಷಕರಿಗೆ ಬೇಕಾದ ಹಾಗೆ. ಅದೇ ಪಾರ್ಕಿಂಗಿನಲ್ಲಿ, ಇವರು ಪಕ್ಕದ ಸೀಟಿನಲ್ಲಿ, ಅವನು ಹಿಂದಿನ ಸೀಟಿನಲ್ಲಿ. ಎಡಕ್ಕೆ ಸರಿಯಬೇಕಾದಾಗಲೆಲ್ಲ ನಾನು ಅರಿವಿಲ್ಲದೆ ತಡೆಯುತ್ತಿದ್ದೆ, ಇವರು ಹೋಗು ಅನ್ನಲಿ ಎಂದು. ಅವನಿಗೆ ನಗು. ನಿನಗೂ ಒಂದು ಗಂಟಲು ಬೇಕು ಎಂದ. ನನಗೆ ನಗು ಬರಲಿಲ್ಲ. ದಿನವಿಡೀ ಅವನ ಕುತ್ತಿಗೆಗೆ ಬುದ್ಧಿ ಹೇಳುವವಳು ನಾನು, ನನ್ನ ಕುತ್ತಿಗೆ ಆರೋಗ್ಯವಾಗಿದ್ದೂ ತಿರುಗುತ್ತಿರಲಿಲ್ಲ.

ಆಗಸ್ಟಿನ ಕೊನೆಗೆ ರಂಜಾನ್ ಬಂತು. ಆ ದಿನಗಳಲ್ಲಿ ನಾನು ಅವನನ್ನು ಕೊನೆಯ ರೋಗಿಯಾಗಿ ನೋಡುತ್ತಿದ್ದೆ. ಉಪವಾಸದಲ್ಲಿ ಮಧ್ಯಾಹ್ನದ ಮೇಲೆ ನನ್ನ ಸಿಟ್ಟು ಮೂಗಿನ ತುದಿಗೆ ಬಂದಿರುತ್ತದೆ, ಆದರೆ ಕೈ ಮಾತ್ರ ಅದೇಕೋ ಬಹಳ ಸೂಕ್ಷ್ಮವಾಗುತ್ತದೆ. ಕೀಲು ಎಲ್ಲಿ ತಡೆಯುತ್ತದೆ ಎಂಬುದು ಬೆರಳಿಗೆ ತಾನೇ ತಿಳಿಯುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಮೂವರೂ ಹೊರಗಿನ ಕುರ್ಚಿಗಳಲ್ಲಿ ಕೂತು ಖರ್ಜೂರ ತಿನ್ನುತ್ತಿದ್ದೆವು. ನಮ್ಮೂರಿನಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಲ್ಲ, ನೀವು ಅಲ್ಲಿದ್ದರೆ ಯಾವಾಗ ತಿನ್ನುತ್ತೀರಿ ಎಂದು ಅವನಿಗೆ ಚಿಂತೆ. ಇವರು ಅದಕ್ಕೆ ಮೌಲಾನಾಗಳು ಹೇಳಿರುವ ಪರಿಹಾರವನ್ನು ವಿವರಿಸಿದರು. ನಾನು ಎರಡನೇ ಖರ್ಜೂರಕ್ಕೆ ಕೈ ಹಾಕಿದೆ.

ತವರಿನ ಮೈದಾನದ ಕೊನೆಯ ಆಟ ಸೆಪ್ಟೆಂಬರಿನಲ್ಲಿ. ಇವನ ಜಾಗದಲ್ಲಿ ಆಡುತ್ತಿದ್ದವನ ಕಾಲು ಉಳುಕಿತು, ಬೇರೆ ದಾರಿಯಿಲ್ಲದೆ ಕೋಚು ಇವನನ್ನು ಇಳಿಸಿದ. ಮುಂದಿನ ವರ್ಷಕ್ಕೆ ಯಾರನ್ನು ಇಟ್ಟುಕೊಳ್ಳುವುದೆಂದು ಈ ಆಟದ ಮೇಲೆ ಹೇಳುತ್ತೇನೆ ಎಂದೂ ಹೇಳಿದ್ದ. ಎಲ್ಲವೂ ಆ ಒಂದು ಮಧ್ಯಾಹ್ನಕ್ಕೆ ಬಂದು ನಿಂತಿತು. ಇವರು ಮೆಟ್ಟಿಲಿನ ಮೇಲೆ ಕೂರಲಿಲ್ಲ. ಗೆರೆಯ ಪಕ್ಕದ ಬೇಲಿಗೆ ಆತುಕೊಂಡು ನಿಂತರು. ಅವನ ಎಡಗಡೆ ನಮ್ಮ ಪಕ್ಕಕ್ಕೇ ಇತ್ತು.

ಇವರ ಗಂಟಲಿನಲ್ಲಿ ಅಷ್ಟು ದನಿಯಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಉಪವಾಸದ ಒಣ ಗಂಟಲು. "ಹಿಂದೆ" ಎಂದು ಕೂಗಿದರೆ ಸುತ್ತಲಿನ ಜನ ತಿರುಗಿ ನೋಡುತ್ತಿದ್ದರು. ನ್ಯೂಜೆರ್ಸಿಯ ಒಂದು ಕಾಲೇಜು ಮೈದಾನದಲ್ಲಿ ಒಬ್ಬ ನಾರ್ವೆಯವನು ಕನ್ನಡ ಕೇಳಿ ಚೆಂಡು ತಿರುಗಿಸುತ್ತಿದ್ದ. ಪ್ರತಿ ಸಲವೂ ಚೆಂಡು ಸರಿಯಾದ ಕಡೆಗೇ ಹೋಯಿತು. ಜನವರಿಯಿಂದ ಈಚೆಗೆ ಇವರ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿರಲಿಲ್ಲ.

ಮಧ್ಯಂತರದ ವಿರಾಮ ಬಂತು. ಇವರು ನೀರು ಕುಡಿಯುವ ಹಾಗಿಲ್ಲ, ಬಾಯಿ ಮುಕ್ಕಳಿಸಿ ಬಂದರು. ಆಟಗಾರರು ಮತ್ತೆ ಇಳಿದಾಗ ನಾವಿಬ್ಬರೂ ಒಟ್ಟಿಗೇ ಗಮನಿಸಿದೆವು. ವಿರಾಮದ ಮೇಲೆ ತಂಡಗಳು ಮೈದಾನದ ತುದಿಗಳನ್ನು ಬದಲಾಯಿಸುತ್ತವೆ. ಗಲ್ಲಿಯಲ್ಲಿ ಬೆಳೆದ ಆಟಗಾರ, ಅದು ಇವರಿಗೆ ಗೊತ್ತಿಲ್ಲದ್ದೇನಲ್ಲ. ತಿಂಗಳುಗಟ್ಟಲೆ ಪಾರ್ಕಿಂಗಿನಲ್ಲಿ ಒಂದೇ ಕಡೆ ನಿಂತು ಕೂಗಿ ಕೂಗಿ ಮರೆತುಬಿಟ್ಟಿದ್ದರು. ಈಗ ಅವನ ಎಡಗಡೆ ಎದುರು ಪಕ್ಕಕ್ಕೆ ಹೋಗಿತ್ತು, ಕೋಚುಗಳ ಬೆಂಚಿನ ಕಡೆಗೆ. ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಇವರು ಗೋಲಿನ ಹಿಂದಿನಿಂದ ಸುತ್ತು ಹಾಕಿ ಓಡಿದರು. ಮೂಲೆಯಲ್ಲಿ ಹಳದಿ ಅಂಗಿಯ ಕಾವಲಿನವನು ತಡೆದ. ಇವರು ಕೈಮುಗಿದದ್ದೂ ದೂರದಿಂದ ಕಂಡಿತು. ಅವನು ಬಿಡಲಿಲ್ಲ.

ನಾನು ಎದ್ದು ನಿಂತೆ. ಮೈದಾನದ ನಡುವೆ ಅವನು ಇವರನ್ನು ಹುಡುಕಿದ್ದು, ಮೂಲೆಯಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿದ್ದು ನನಗೆ ಕಂಡಿತು. ಆಮೇಲೆ ಸ್ವಲ್ಪ ಹೊತ್ತು ಅವನು ಚೆಂಡಿನಿಂದ ದೂರ ದೂರವೇ ಓಡಾಡಿದ. ಹೀಗೆ ತಪ್ಪಿಸಿಕೊಳ್ಳಬೇಡ ಎಂದು ನಾನು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಗೋಲ್‌ಕೀಪರ್ ಚೆಂಡನ್ನು ಅವನತ್ತಲೇ ಉರುಳಿಸಿದ. ಅವನ ಮುಖ ನಮ್ಮ ಗೋಲಿನ ಕಡೆಗೆ, ಬೆನ್ನು ಎದುರಾಳಿಗಳ ಕಡೆಗೆ. ಎಡ ಭುಜದ ಹಿಂದಿನಿಂದ ಒಬ್ಬ ಓಡಿ ಬರುತ್ತಿದ್ದ. ಇವರು ಮೂಲೆಯಿಂದ ಕೂಗಿದರೋ ಇಲ್ಲವೋ, ನನಗಂತೂ ಕೇಳಿಸಲಿಲ್ಲ. ಚೆಂಡು ಇನ್ನೂ ದಾರಿಯಲ್ಲಿತ್ತು.

ಅವನ ತಲೆ ತಿರುಗಿತು. ಸೊಂಟವಲ್ಲ, ತಲೆ. ಗಲ್ಲ ಕೊರಳ ಮೂಳೆ ದಾಟಿ, ಭುಜದ ನೇರಕ್ಕೆ ಬಂದು, ಅದನ್ನೂ ಒಂದು ಕೂದಲೆಳೆ ದಾಟಿತು. ಅವನಿಗೆ ನೋವಾಯಿತೆಂದು ಬಾಯಿಯ ಓರೆ ನೋಡಿ ತಿಳಿದೆ. ನೋಡಿದ, ಚೆಂಡನ್ನು ಮುಟ್ಟದೆ ಕಾಲುಗಳ ನಡುವೆ ಹರಿಯಬಿಟ್ಟ, ಬಲಕ್ಕೆ ಹೊರಳಿ ಅದನ್ನು ಹಿಡಿದು ಮುಂದಿನವನಿಗೆ ಕೊಟ್ಟ. ಓಡಿ ಬಂದವನು ಗಾಳಿಗೆ ಕಾಲು ಬೀಸಿ ಮುಗ್ಗರಿಸಿದ. ಅಷ್ಟೆ. ಗೋಲಾಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಡೀ ಮೈದಾನದಲ್ಲಿ ಅತ್ತದ್ದು ನಾನೊಬ್ಬಳು.

ಆಟ ಸಮವಾಗಿ ಮುಗಿಯಿತು. ಎರಡು ದಿನ ಬಿಟ್ಟು ಅವನು ಕ್ಲಿನಿಕ್ಕಿಗೆ ಬಂದ, ಅಪಾಯಿಂಟ್‌ಮೆಂಟ್ ಇರಲಿಲ್ಲ. ಕೋಚು ಮುಂದಿನ ವರ್ಷಕ್ಕೆ ನಿಲ್ಲು ಎಂದನಂತೆ. ಅದನ್ನು ಹೇಳಿ ಹೊರಗಿನ ಕುರ್ಚಿಯಲ್ಲಿ ಕೂತ, ಬೆರಳು ಕುಟ್ಟದೆ ಕೂತ. ಆ ಶನಿವಾರ ಇವರನ್ನು ಕರೆದುಕೊಂಡು ಹೋಗಿ ಊಟದ ಮೇಜು ಆರಿಸಿದ. ಮರದ್ದು, ನಾಲ್ಕು ಕುರ್ಚಿಯದು. ಒಬ್ಬನಿಗೆ ನಾಲ್ಕು ಕುರ್ಚಿ ಯಾಕೆ ಎಂದು ಇವರು ಕೇಳಿದರೆ, ನೀವಿಬ್ಬರು ಬರುವುದಿಲ್ಲವೇ, ನಾಲ್ಕನೆಯದು ಕಾಲು ಚಾಚಲು ಎಂದನಂತೆ. ಮೇಜು ತಯಾರಾಗಿ ಬರಲು ಕೆಲವು ವಾರ ಬೇಕೆಂದರು. ಆ ನಡುವೆ ನಾನು ಅವನ ಹೋಂಡಾದಲ್ಲಿ ರೋಡ್ ಟೆಸ್ಟಿಗೆ ಹೋದೆ. ಕುತ್ತಿಗೆಯನ್ನು ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ತಿರುಗಿಸಿ ತಿರುಗಿಸಿ ಪಾಸಾದೆ. ಪರೀಕ್ಷಕನಿಗೆ ತಲೆ ಸುತ್ತು ಬಂದಿರಬೇಕು.

ನವೆಂಬರಿನಲ್ಲಿ ಮಾಲೀಕ ತಂಡವನ್ನೇ ಮುಚ್ಚಿದ. ಕೋಚಿಗೂ ಅದೇ ಬೆಳಿಗ್ಗೆ ತಿಳಿದದ್ದು. ಆಟಗಾರರೆಲ್ಲರನ್ನೂ ಒಂದೇ ಫೋನ್ ಕಾಲಿನಲ್ಲಿ ಸೇರಿಸಿ ಹೇಳಿದರಂತೆ, ಪರಿಸ್ಥಿತಿ ಹೀಗಿದೆ, ಎಲ್ಲರಿಗೂ ಧನ್ಯವಾದ ಎಂದು. ಮೇಜು ಇನ್ನೂ ಮನೆಗೆ ಬಂದಿರಲಿಲ್ಲ. ಅಂಗಡಿಗೆ ಫೋನ್ ಮಾಡಿ ಬೇಡವೆಂದ. ನನಗೆ ಬಂದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆ ಮಾಲೀಕನ ಮುಖವನ್ನೂ ನಾನು ನೋಡಿರಲಿಲ್ಲ, ಬೈಯಲು ಒಂದು ಮುಖವಾದರೂ ಬೇಕಲ್ಲ. ಇಷ್ಟು ತಿಂಗಳು ನನ್ನ ಹತ್ತು ಬೆರಳುಗಳು ಮಾಡಿದ ಕೆಲಸ, ಅವನು ಪಟ್ಟ ನೋವು, ಇವರ ಗಂಟಲು, ಎಲ್ಲ ನೀರುಪಾಲು ಎಂದು ಕೂಗಾಡಿದೆ. ಅವನು ಮಾತ್ರ ಕೂಗಾಡಲಿಲ್ಲ.

"ಈ ಸಲ ನನ್ನ ಕುತ್ತಿಗೆಯಿಂದ ಹೋಗ್ತಿಲ್ಲ," ಎಂದ. "ನಿಲ್ಲು ಅಂದಿದ್ರು. ಅದು ಸುಳ್ಳಾಗಲ್ಲ."

ಸುಳ್ಳಾಗುವುದಿಲ್ಲ, ಸರಿ. ನನಗೆ ಮಾತ್ರ ಅದು ಸಾಲಲಿಲ್ಲ, ಇವತ್ತಿಗೂ ಸಾಲುವುದಿಲ್ಲ. ಇವರಿಗೆ ಮುಂದಿನ ವಸಂತದಲ್ಲಿ ಕೆಲಸ ಸಿಕ್ಕಿತು, ಸೂಟ್‌ಕೇಸುಗಳನ್ನು ನಾನು ಅಟ್ಟಕ್ಕೆ ಹಾಕಿದೆ. ಹಾಕುವಾಗ ಅವನ ಮೇಜಿನ ನೆನಪಾಯಿತು. ಒಬ್ಬ ಮನುಷ್ಯ ಕೇಳಿದ್ದು ಇನ್ನೊಂದು ವರ್ಷ ಮಾತ್ರ.

ಅದಕ್ಕೂ ಮುಂಚೆ, ಅವನು ಹೊರಟ ದಿನ ಇವರಿಗೆ ಹೋಬೋಕನ್ನಿನಲ್ಲಿ ಇಂಟರ್‌ವ್ಯೂ. ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಅವನನ್ನು ನಾನೇ ಬಿಡುವುದೆಂದಾಯಿತು. ಹೋಂಡಾ ಆಗಲೇ ಮಾರಿ ಹೋಗಿತ್ತು, ನಮ್ಮ ಕಾರು ತೆಗೆದೆ. ನಾನು ಹೈವೇಯಲ್ಲಿ ಇವರಿಲ್ಲದೆ ಓಡಿಸಿದ್ದು ಅದೇ ಮೊದಲು. ಸಣ್ಣ ರಸ್ತೆಯಿಂದ ಹೈವೇಗೆ ಸೇರುವ ತಿರುವು ಹತ್ತಿದೆ. ಎಡಗಡೆ ವಾಹನ ಸಾಲು ಸಾಲಾಗಿ ಹರಿಯುತ್ತಿತ್ತು. ನಾನು ಅಭ್ಯಾಸದಂತೆ ತಡೆದೆ, ಪಕ್ಕದವನು ಹೇಳಲಿ ಎಂದು. ಅವನು ಏನೂ ಹೇಳಲಿಲ್ಲ. ಓರೆಗಣ್ಣಿನಿಂದ ನೋಡಿದೆ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತುಟಿ ಬಿಗಿದು, ನೇರ ಮುಂದೆ ನೋಡುತ್ತ ಕೂತಿದ್ದ. ಬೇಕೆಂದೇ ಸುಮ್ಮನಿದ್ದಾನೆ ಎಂದು ತಿಳಿಯಿತು. ನಾನು ಕುತ್ತಿಗೆ ತಿರುಗಿಸಿದೆ. ಕನ್ನಡಿಯಲ್ಲಿ ಇಲ್ಲದ ಒಂದು ಲಾರಿ ಅಲ್ಲಿತ್ತು. ಅದನ್ನು ಮುಂದಕ್ಕೆ ಬಿಟ್ಟು ಹಿಂದೆ ಸೇರಿಕೊಂಡೆ.

ನಿಲ್ದಾಣದ ಮುಂದೆ ಬಹಳ ಹೊತ್ತು ಕಾರು ನಿಲ್ಲಿಸುವ ಹಾಗಿಲ್ಲ. ಅವನು ಎರಡು ಬ್ಯಾಗು ಇಳಿಸಿಕೊಂಡ, ಕಿಟಕಿಗೆ ಬಗ್ಗಿ, ಇವರಿಗೆ ನಮಸ್ಕಾರ ಹೇಳು ಎಂದ, ಹೊರಟ. ಗಾಜಿನ ಬಾಗಿಲು ತೆರೆದುಕೊಂಡಿತು. ಒಳಗೆ ಕಾಲಿಡುವ ಮುಂಚೆ ಅವನು ನಿಂತ. ಎರಡು ಕೈಯಲ್ಲೂ ಬ್ಯಾಗು, ಮೈ ಬಾಗಿಲಿನ ಕಡೆಗೇ ಇತ್ತು. ಎಡ ಭುಜದ ಮೇಲಿಂದ ತಲೆ ಮಾತ್ರ ತಿರುಗಿಸಿ ನನ್ನನ್ನು ನೋಡಿದ. ಬಲಕ್ಕೆ ತಿರುಗಿದ್ದರೆ ಅವನಿಗೆ ಸುಲಭವಿತ್ತು. ಗಲ್ಲ ಭುಜವನ್ನು ದಾಟಿ ಚೆನ್ನಾಗಿ ಹಿಂದೆ ಬಂದಿತ್ತು, ಅಷ್ಟು ದೂರದಿಂದಲೂ ನನ್ನ ಕಣ್ಣು ಅಳೆಯಿತು.

ಬಾಗಿಲು ಮುಚ್ಚಿತು. ಕಣ್ಣೊರೆಸಿಕೊಂಡು ಗೇರ್ ಹಾಕಿ, ಎಡ ಭುಜದ ಹಿಂದೆ ನೋಡಿದೆ. ಒಂದು ಟ್ಯಾಕ್ಸಿ ಬರುತ್ತಿತ್ತು, ಅದು ಹೋಗಲೆಂದು ಕಾದೆ. ಪಕ್ಕಕ್ಕೆ ಬಂದಾಗ ಟ್ಯಾಕ್ಸಿಯವನು ಹಾರ್ನ್ ಹೊಡೆದ. ನಾನು ಆಗಲೇ ನೋಡಿದ್ದೆ.